ನಾಯಿಯ ಜೊತೆ ಜರ್ಮನಿಗೆ ಹೋಗಲು ಲಸಿಕೆ ಕಾರ್ಡ್ ಒಂದಿದ್ದರೆ ಸಾಕೇ?

‘ವಿದೇಶಕ್ಕೆ ನಾಯಿ ಕರೆದುಕೊಂಡು ಹೋಗಲು ರೇಬೀಸ್ ಲಸಿಕೆ ಕಾರ್ಡ್ ಇದ್ದರೆ ಸಾಕು. ಹೊರಡುವ ದಿನ ನಿದ್ದೆ ಮಾತ್ರೆ ಕೊಟ್ಟುಬಿಡಿ.’ ಇಂಥ ಸಲಹೆ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಎರಡೂ ಮಾತು ತಪ್ಪು. ಮೊದಲನೆಯದನ್ನು ನಂಬಿದರೆ ನಾಯಿ ಇಲ್ಲೇ ಉಳಿಯಬೇಕಾದೀತು. ಎರಡನೆಯದನ್ನು ನಂಬಿದರೆ ಅದರ ಜೀವಕ್ಕೇ ಅಪಾಯ. ಬೆಂಗಳೂರಿನಿಂದ ಜರ್ಮನಿಗೆ ಹೋಗುವವರ ಉದಾಹರಣೆ ಇಟ್ಟುಕೊಂಡು ನೋಡೋಣ.

ಲಸಿಕೆ ಕಾರ್ಡ್ ಸಾಕೇ?

ಸಾಲದು. ಜರ್ಮನಿ ಸೇರಿದಂತೆ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಭಾರತದಿಂದ ಹೋಗುವ ನಾಯಿ, ಬೆಕ್ಕುಗಳಿಗೆ ಈ ಹಂತಗಳು ಕಡ್ಡಾಯ:

1. ಮೊದಲು ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ಚಿಕ್ಕದಾದ ಇದರಲ್ಲಿ 15 ಅಂಕಿಗಳ ಸಂಖ್ಯೆ ಇರುತ್ತದೆ.
2. ಚಿಪ್ ಹಾಕಿದ ಮೇಲೆ, ಅಥವಾ ಅದೇ ದಿನ, ರೇಬೀಸ್ ಲಸಿಕೆ. ಆಗ ಪ್ರಾಣಿಗೆ ಕನಿಷ್ಠ 12 ವಾರ ವಯಸ್ಸಾಗಿರಬೇಕು. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ.
3. ಲಸಿಕೆಯ ನಂತರ ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ. ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯದಲ್ಲೇ ಆಗಬೇಕು. ರೇಬೀಸ್ ಪ್ರತಿಕಾಯ ಪ್ರತಿ ಮಿಲಿಲೀಟರ್‌ಗೆ 0.5 ಐಯು ಅಥವಾ ಹೆಚ್ಚಿರಬೇಕು.
4. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು.
5. ಪ್ರಯಾಣಕ್ಕೆ ಮುಂಚಿನ 10 ದಿನಗಳೊಳಗೆ ಆರೋಗ್ಯ ಪ್ರಮಾಣಪತ್ರ. ಇದನ್ನು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ (ಎಕ್ಯೂಸಿಎಸ್) ಕೊಡುತ್ತದೆ. ಬೆಂಗಳೂರಿನಲ್ಲೂ ಇದರ ಕಚೇರಿ ಇದೆ.

ಅಂದರೆ ಮೊದಲಿನಿಂದ ಶುರು ಮಾಡುವವರಿಗೆ ಕನಿಷ್ಠ 4 ತಿಂಗಳು ಬೇಕು. ಆಫರ್ ಲೆಟರ್ ಕೈಗೆ ಬಂದು, ಎರಡು ತಿಂಗಳಲ್ಲಿ ಹೊರಡಬೇಕಾದಾಗ ಕೇಳಿದರೆ ತಡವಾಗಿರುತ್ತದೆ.

3 ತಿಂಗಳು ಏಕೆ ಕಾಯಬೇಕು?

ರೇಬೀಸ್ ಸೋಂಕು ತಗುಲಿದ ನಾಯಿಯಲ್ಲಿ ಲಕ್ಷಣ ಕಾಣಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಲಸಿಕೆಗೆ ಮೊದಲೇ ಸೋಂಕು ತಗುಲಿದ್ದರೆ ಅದು ಈ ಅವಧಿಯಲ್ಲಿ ಹೊರಬೀಳುವ ಸಾಧ್ಯತೆ ಹೆಚ್ಚು.

ನಿಯಮ ಪೂರೈಸದ ಪ್ರಾಣಿಯನ್ನು ವಾಪಸ್ ಕಳಿಸಬಹುದು ಅಥವಾ ಕ್ವಾರಂಟೈನ್‌ನಲ್ಲಿ ಇಡಬಹುದು. ಎರಡೂ ಸಾಧ್ಯವಾಗದಿದ್ದರೆ ಕೊನೆಯ ದಾರಿಯಾಗಿ ದಯಾಮರಣಕ್ಕೂ ನಿಯಮದಲ್ಲಿ ಅವಕಾಶವಿದೆ. ಖರ್ಚೆಲ್ಲ ಮಾಲೀಕರದೇ.

ನಿದ್ದೆ ಮಾತ್ರೆ ಕೊಡಬಹುದೇ?

ಬೇಡ. ಈ ಔಷಧಗಳು ರಕ್ತದೊತ್ತಡ ಮತ್ತು ಉಸಿರಾಟದ ಮೇಲೆ ಪರಿಣಾಮ ಬೀರುತ್ತವೆ. ಮತ್ತಿನಲ್ಲಿರುವ ನಾಯಿಗೆ ತನ್ನ ಸಮತೋಲನ ಕಾಯ್ದುಕೊಳ್ಳುವುದೂ ಕಷ್ಟ. ಮತ್ತು ಬರಿಸಿದ ಪ್ರಾಣಿಗಳನ್ನು ಅನೇಕ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೇ ಇಲ್ಲ. ಬದಲಿಗೆ ಪ್ರಯಾಣದ ಪೆಟ್ಟಿಗೆಯನ್ನು ಕೆಲವು ವಾರ ಮೊದಲೇ ಮನೆಗೆ ತನ್ನಿ. ಅದರಲ್ಲೇ ಊಟ, ನಿದ್ದೆ ರೂಢಿ ಮಾಡಿಸಿ.

ವಿಮಾನದ ಕೆಳಭಾಗದಲ್ಲಿ ಗಾಳಿಯೇ ಇರುವುದಿಲ್ಲವೇ?

ಇದೂ ತಪ್ಪು ಕಲ್ಪನೆ. ಪ್ರಾಣಿಗಳನ್ನು ಇಡುವ ಭಾಗದಲ್ಲಿ ಪ್ರಯಾಣಿಕರ ಕ್ಯಾಬಿನ್‌ನಂತೆಯೇ ಗಾಳಿಯ ಒತ್ತಡವಿರುತ್ತದೆ, ತಾಪಮಾನವನ್ನೂ ನಿಯಂತ್ರಿಸುತ್ತಾರೆ. ಆದರೆ ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಾಟದ ತೊಂದರೆ ಬೇಗ ಆಗುತ್ತದೆ. ಹಾಗಾಗಿ ಹಲವು ಸಂಸ್ಥೆಗಳು ಇವನ್ನು ಒಯ್ಯುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ಎಲ್ಲ ದೇಶಕ್ಕೂ ಇದೇ ನಿಯಮವೇ?

ಅಲ್ಲ. ಪಿಟ್‌ಬುಲ್ ಟೆರಿಯರ್, ಬುಲ್ ಟೆರಿಯರ್ ಸೇರಿ ಕೆಲವು ತಳಿಗಳನ್ನು ಜರ್ಮನಿಗೆ ಒಯ್ದು ನೆಲೆಸಲು ಬಿಡುವುದಿಲ್ಲ. ಅಮೆರಿಕ 2024ರ ಆಗಸ್ಟ್ 1ರಿಂದ 6 ತಿಂಗಳಿಗಿಂತ ಚಿಕ್ಕ ನಾಯಿಗಳನ್ನು ಬಿಟ್ಟುಕೊಳ್ಳುತ್ತಿಲ್ಲ. ಆಸ್ಟ್ರೇಲಿಯಾಕ್ಕೆ ಭಾರತದಿಂದ ನಾಯಿಯನ್ನು ನೇರವಾಗಿ ಒಯ್ಯುವಂತೆಯೇ ಇಲ್ಲ.

ಒಟ್ಟಾರೆ ಹೇಳುವುದಾದರೆ

ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಇವತ್ತೇ ಚಿಪ್ ಹಾಕಿಸಿ, ಲಸಿಕೆ ಮತ್ತು ರಕ್ತಪರೀಕ್ಷೆ ಮುಗಿಸಿಡಿ. ಒಮ್ಮೆ ಪಾಸಾದ ರಕ್ತಪರೀಕ್ಷೆ, ಮುಂದಿನ ಲಸಿಕೆಗಳನ್ನು ಅವಧಿ ತಪ್ಪದೆ ಹಾಕಿಸುತ್ತಿದ್ದರೆ, ಯುರೋಪಿನ ಮಟ್ಟಿಗೆ ಮತ್ತೆ ಬೇಕಾಗುವುದಿಲ್ಲ. ಹೋಗುವುದು ರದ್ದಾದರೂ ನಷ್ಟ ಸ್ವಲ್ಪ ಹಣ ಮಾತ್ರ. ತಡ ಮಾಡಿದರೆ ನಾಯಿಯನ್ನೇ ಬಿಟ್ಟು ಹೋಗಬೇಕಾಗುತ್ತದೆ.