60 ದಿನ, 30 ದಿನ, 1,198 ದಿನ

ದೇವನಹಳ್ಳಿ ಸೀಮೆಯ ನೆಲಕ್ಕೆ ಮಾಸ್ಟರ್ ಪ್ಲಾನ್ ಬರುವುದಕ್ಕೆ ಬಹಳ ಮೊದಲೇ ಒಂದು ಯೋಜನೆ ಇತ್ತು. ಅದನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ. ನಾಲೆಯ ಆಸರೆ ಇಲ್ಲದ ಕೆಂಪು ಮಣ್ಣಿನ ಬಯಲಿದು. ಬಿದ್ದ ಮಳೆ ಒಂದು ಕೆರೆ ತುಂಬಿ, ಕೋಡಿ ಹರಿದು ಇನ್ನೊಂದು ಕೆರೆ ಸೇರುವ ದಾರಿಯೇ ಊರು ಎಲ್ಲಿ, ಗದ್ದೆ ಎಲ್ಲಿ, ಹೊಲ ಎಲ್ಲಿ ಎಂಬುದನ್ನು ಗೊತ್ತುಮಾಡುತ್ತಿತ್ತು. ಕೆರೆಯ ಕೆಳಗೆ ತರಿ, ಮೇಲಕ್ಕೆ ಖುಷ್ಕಿ, ಊರಂಚಿಗೆ ಗುಂಡುತೋಪು, ದಿಬ್ಬದ ಕಡೆ ಗೋಮಾಳ. ಕಂದಾಯ ಇಲಾಖೆಯೂ ಈ ಪದಗಳನ್ನೇ ತನ್ನ ದಫ್ತರಕ್ಕೆ ತೆಗೆದುಕೊಂಡಿತು. ಊರಿನ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಉಳಿಸಬೇಕೆಂಬ ಲೆಕ್ಕ 1966ರ ಭೂಕಂದಾಯ ನಿಯಮಗಳಲ್ಲಿದೆ. ಈ ವ್ಯವಸ್ಥೆಯನ್ನು ಹೊಗಳಿ ಹಾಡಬೇಕಿಲ್ಲ. ತೂಬು ಎತ್ತುವ ನೀರುಗಂಟಿಗೆ ಕೆಲಸವಿತ್ತೇ ಹೊರತು ಪಂಚಾಯ್ತಿ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಅಲ್ಲಿ ಯಾರು ಕೂರಬೇಕು, ಯಾರು ನಿಲ್ಲಬೇಕು ಎಂಬುದನ್ನು ಜಾತಿ ಹೇಳುತ್ತಿತ್ತು. ಆದರೂ ನೆಲದ ಮೇಲಿನ ಜಗಳ ಆ ನೆಲದ ಮೇಲೆಯೇ ನಡೆದು ತೀರುತ್ತಿತ್ತು. ವಿಮಾನ ನಿಲ್ದಾಣ ಬಂದ ಮೇಲೆ ಬುಡಮೇಲಾದದ್ದು ಈ ಕ್ರಮವೇ. ತೀರ್ಮಾನ ಮೊದಲಾಯಿತು, ಊರವರನ್ನು ಕೇಳುವುದು ಆಮೇಲಾಯಿತು. ಅಹವಾಲು ಹೇಳಿಕೊಳ್ಳಲು ಬಾಗಿಲುಗಳು ಇಲ್ಲದೆ ಇರಲಿಲ್ಲ; ಅವು ತೆರೆಯುವ ಹೊತ್ತಿಗೆ ಒಳಗಿನ ಮಾತು ಮುಗಿದಿರುತ್ತಿತ್ತು ಎಂಬುದೇ ಇಲ್ಲಿನ ಮೂರು ದಶಕಗಳ ಚರಿತ್ರೆ.

ಬೆಂಗಳೂರಿಗೆ ಹೊಸ ನಿಲ್ದಾಣ ಬೇಕೆಂಬ ಮಾತು ಎದ್ದದ್ದು, ದೇವನಹಳ್ಳಿಯ ಹೆಸರು ಕೇಳಿಬಂದದ್ದು 1990ರ ದಶಕದ ಆರಂಭದಲ್ಲಿ. 2001ರಲ್ಲಿ ಅದಕ್ಕಾಗಿ ಕಂಪನಿ ಹುಟ್ಟಿತು. ಸುಮಾರು 4,000 ಎಕರೆಯನ್ನು ಸರ್ಕಾರವೇ ಒದಗಿಸಿತು. ಕಂಪನಿಯಲ್ಲಿ ರಾಜ್ಯದ ಸಂಸ್ಥೆಗೆ ಶೇ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇ 13 ಪಾಲು, ಉಳಿದದ್ದು ಖಾಸಗಿಯವರದು. ಕೇಂದ್ರ ಸರ್ಕಾರ 2004ರ ಜುಲೈನಲ್ಲಿ ಈ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತಿದೆ. ಮೈಸೂರು ಮತ್ತು ಹಾಸನ ಬಿಟ್ಟರೆ, ನಿಲ್ದಾಣ ತೆರೆದ ದಿನದಿಂದ 25 ವರ್ಷ ತುಂಬುವವರೆಗೆ 150 ಕಿಲೋಮೀಟರ್ ವೈಮಾನಿಕ ದೂರದೊಳಗೆ ಬೇರೆ ವಿಮಾನ ನಿಲ್ದಾಣ ತಲೆ ಎತ್ತುವಂತಿಲ್ಲ. ದಕ್ಷಿಣ ಕರ್ನಾಟಕದ ಬಹುಪಾಲು ನೆಲಕ್ಕೆ, ಗಡಿಯಾಚೆಯ ಒಂದಿಷ್ಟು ಊರುಗಳಿಗೂ, ಇಬ್ಬರು ಸಹಿ ಹಾಕಿದ ಕಾಗದವೊಂದು ಕಾಲು ಶತಮಾನದ ಮಟ್ಟಿಗೆ ಒಂದು ಬಗೆಯ ಭೂಬಳಕೆಯ ನಿಯಮವಾಯಿತು. ಇದರ ವಿರುದ್ಧ ದನಿ ಏಳಲಿಲ್ಲವೆಂದಲ್ಲ. 2008ರ ಮೇ ತಿಂಗಳಲ್ಲಿ ಹೊಸ ನಿಲ್ದಾಣ ತೆರೆದಾಗ, ಎಚ್‌ಎಎಲ್ ನಿಲ್ದಾಣ ಮುಚ್ಚಬೇಡಿ ಎಂದು ನಗರದ ನಾಗರಿಕರು, ಉದ್ಯಮಿಗಳು ಬೀದಿಗೂ ಇಳಿದರು, ಹೈಕೋರ್ಟಿಗೂ ಹೋದರು. ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಈ ನಿಲ್ದಾಣದ ಬಗ್ಗೆ ಅಲ್ಲಿಯವರೆಗೆ ನಡೆದ ಅತ್ಯಂತ ದೊಡ್ಡ ಸಾರ್ವಜನಿಕ ಚರ್ಚೆ ಅದೇ ಇರಬೇಕು. ಅದರ ವಿಷಯ ಮಾತ್ರ ಪ್ರಯಾಣಿಕ ಎಷ್ಟು ಹೊತ್ತು ಕಾರಿನಲ್ಲಿ ಕೂರಬೇಕು ಎಂಬುದಾಗಿತ್ತು.

ನಿಲ್ದಾಣದ ಸುತ್ತಲ ಹಳ್ಳಿಗಳಿಗೆ ಕಾನೂನು ತೆರೆದ ಮೊದಲ ಬಾಗಿಲು ಮಹಾಯೋಜನೆಯದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಇಲ್ಲಿಗೆಂದೇ ಒಂದು ಯೋಜನಾ ಪ್ರಾಧಿಕಾರ ಬಂತು. ಜನರ ಬಾಯಲ್ಲಿ ಅದು ‘ಬಯಪ’. ಕರಡು ನಕ್ಷೆ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು 60 ದಿನ. ಕೇಳಲು ಉದಾರವಾಗಿಯೇ ಇದೆ. ಆದರೆ ನಕ್ಷೆ ಊರನ್ನು ಊರಾಗಿ ನೋಡುವುದಿಲ್ಲ, ಬಣ್ಣವಾಗಿ ನೋಡುತ್ತದೆ. ತರಿ, ಖುಷ್ಕಿ, ಬಾಗಾಯ್ತು ಎಂದು ನೆಲದ ಗುಣ ಹೇಳುತ್ತಿದ್ದ ಪದಗಳ ಜಾಗಕ್ಕೆ ನೆಲದ ಬೆಲೆ ಹೇಳುವ ಪದಗಳು ಬಂದವು: ಮನೆ ಕಟ್ಟಬಹುದಾದ ಯೆಲ್ಲೋ ಜೋನ್, ಕೃಷಿಗೇ ಮೀಸಲಾದ ಗ್ರೀನ್ ಜೋನ್. ಒಂದೇ ಬದುವಿನ ಈಚೆ ಹಳದಿ, ಆಚೆ ಹಸಿರು ಬಂದರೆ ಅಣ್ಣ ತಮ್ಮಂದಿರ ಆಸ್ತಿಯಲ್ಲಿ ಅಜಗಜಾಂತರ. ಹೀಗಿರುವಾಗ ಬರುವ ಆಕ್ಷೇಪಣೆ ಎಂಥದ್ದು? ನನ್ನ ಸರ್ವೆ ನಂಬರನ್ನು ಹಸಿರಿನಿಂದ ಹಳದಿಗೆ ತನ್ನಿ ಎಂಬುದೇ. ಕೆರೆಗೆ ನೀರು ತರುವ ಕಾಲುವೆಯ ಮೇಲೆ ರಸ್ತೆ ಬಂದಿದೆಯಲ್ಲ ಎಂದು ಕೇಳುವುದಕ್ಕೆ ಯಾರ ಪಹಣಿಯೂ ಆಧಾರವಾಗುವುದಿಲ್ಲ. ಇಡೀ ಊರು ಸೇರಿ ಯೋಚಿಸಬೇಕಾದ ಪ್ರಶ್ನೆ ಒಬ್ಬೊಬ್ಬರ ಅರ್ಜಿಯಾಗಿ ಒಡೆದುಹೋಗುತ್ತದೆ.

ಇದರ ಜೊತೆಗೆ ವಿಮಾನಗಳದೇ ಆದ ಕಟ್ಟುಪಾಡುಗಳಿವೆ. 2015ರ ಕೇಂದ್ರ ನಿಯಮಗಳ ಪ್ರಕಾರ ನಿಲ್ದಾಣದ ಆಸುಪಾಸಿನಲ್ಲಿ ಎಷ್ಟು ಎತ್ತರ ಕಟ್ಟಬಹುದೆಂಬುದಕ್ಕೆ ಬಣ್ಣ ಹಚ್ಚಿದ ಇನ್ನೊಂದು ನಕ್ಷೆ ಇದೆ. 1937ರ ವಿಮಾನ ನಿಯಮಗಳು ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಪ್ರಾಣಿ ವಧೆಗೆ, ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯುವುದಕ್ಕೆ ತಡೆ ಹಾಕಿದವು. 2023ರಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕಾಗಿ ಸುತ್ತಲಿನ ಮಾಂಸದಂಗಡಿಗಳು ಸುಮಾರು ಮೂರು ವಾರ ಬಾಗಿಲು ಹಾಕಿದ್ದು ಇದೇ ನಿಯಮದ ಬಲದಿಂದ. ಹದ್ದು ಎಂಜಿನ್ನಿಗೆ ಸಿಕ್ಕರೆ ಏನಾದೀತೆಂದು ತಿಳಿದವರು ಇದನ್ನು ಅನ್ಯಾಯ ಎನ್ನಲಾರರು. ನಾನು ಎತ್ತುವ ಮಾತು ಬೇರೆ. ಸುರಕ್ಷತೆಯ ಹೊರೆಯನ್ನು ಸುತ್ತಲವರು ತಕರಾರಿಲ್ಲದೆ ಹೊತ್ತಿರುವಾಗ, ಸುರಕ್ಷತೆಗೆ ಸಂಬಂಧವೇ ಇಲ್ಲದ ತೀರ್ಮಾನಗಳಲ್ಲಾದರೂ ಅವರ ಮಾತು ಮೊದಲು ಬರಬೇಕಿತ್ತಲ್ಲವೇ?

ಬರಲಿಲ್ಲ. ಏಕೆಂದರೆ ಎರಡನೆಯ ಬಾಗಿಲು ಇನ್ನೂ ಕಿರಿದು. ಯೋಜನಾ ಪ್ರಾಧಿಕಾರ ನಗರಾಭಿವೃದ್ಧಿ ಇಲಾಖೆಯದು. ಜಮೀನು ಸ್ವಾಧೀನ ಮಾಡುವ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ, ಕೈಗಾರಿಕಾ ಇಲಾಖೆಯದು. 1966ರ ಅದರ ಕಾಯ್ದೆಯ 28ನೇ ಕಲಮಿನಂತೆ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ನೋಟಿಸ್ ಬರುತ್ತದೆ, ಉತ್ತರಿಸಲು 30 ದಿನ. ನೋಟಿಸ್ ಬರುವುದು ಮಾಲೀಕನಿಗೆ, ಅನುಭವದಲ್ಲಿರುವವನಿಗೆ, ಜಮೀನಿನಲ್ಲಿ ಹಕ್ಕು ಉಳ್ಳವರಿಗೆ. ಊರಿಗಲ್ಲ, ಅಲ್ಲಿ ಕೂಲಿ ಮಾಡುವವಳಿಗಲ್ಲ, ಕುರಿ ಮೇಯಿಸುವವನಿಗಲ್ಲ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು, ಖಾಸಗಿ ಕಂಪನಿಗಾದರೆ ಶೇ 80ರಷ್ಟು ಕುಟುಂಬಗಳ ಒಪ್ಪಿಗೆ, ಸರ್ಕಾರಿ–ಖಾಸಗಿ ಸಹಭಾಗಿತ್ವಕ್ಕಾದರೆ ಶೇ 70 ಎಂದು ಕಟ್ಟುಮಾಡಿತು. ಮಂಡಳಿ ತನ್ನ ಹಳೆಯ ಕಾಯ್ದೆಯಡಿಯೇ ನಡೆದದ್ದರಿಂದ ಆ ಹೊಸ ಮೆಟ್ಟಿಲುಗಳನ್ನು ಹತ್ತುವ ಪ್ರಮೇಯ ಬರಲಿಲ್ಲ.

2021ರಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಇಂಥ ನೋಟಿಸ್ ಬಂತು. ಉದ್ದೇಶ ವೈಮಾನಿಕ ಮತ್ತು ರಕ್ಷಣಾ ಉದ್ಯಮಗಳ ಪಾರ್ಕ್. ಅದೇ ಹೋಬಳಿಯಲ್ಲಿ ಅದಕ್ಕೂ ಮುಂಚೆ ಸಾಕಷ್ಟು ಭೂಮಿ ಕೈಗಾರಿಕೆಗೆ ಹೋಗಿತ್ತು. ರಾಗಿ, ದ್ರಾಕ್ಷಿ, ತರಕಾರಿ, ಹೂವು, ರೇಷ್ಮೆ, ಹಾಲಿನ ಮೇಲೆ ಬದುಕುವ ಊರುಗಳು. ಹೆಚ್ಚಿನವರು ಸಣ್ಣ ಹಿಡುವಳಿದಾರರು, ಅವರಲ್ಲಿ ದಲಿತ ಕುಟುಂಬಗಳೂ ಬಹಳ. 2022ರ ಏಪ್ರಿಲ್ 4ರಂದು ಅವರು ಧರಣಿ ಕೂತರು. ಆ ವರ್ಷ ನವೆಂಬರಿನಲ್ಲಿ ನಿಲ್ದಾಣದ ಅಂಗಳದಲ್ಲಿ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಅನಾವರಣಗೊಂಡಿತು. ಕೆರೆ ಕಟ್ಟಿಸಿದವರೆಂದು, ಪೇಟೆ ಕಟ್ಟಿದವರೆಂದು ನಾಡು ನೆನೆಯುವ ಪಾಳೆಯಗಾರ. ಆ ಸಮಾರಂಭಕ್ಕೆಂದು ರಾಜ್ಯದ ಸಾವಿರಾರು ಊರುಗಳಿಂದ ಪವಿತ್ರ ಮೃತ್ತಿಕೆ ಎಂದು ಮಣ್ಣು ಸಂಗ್ರಹಿಸಿ ತಂದರು. ಅದೇ ತಾಲ್ಲೂಕಿನಲ್ಲಿ ಮಣ್ಣು ಬಿಡೆವು ಎಂದು ಕೂತವರ ಧರಣಿಗೆ ಆಗ ಏಳು ತಿಂಗಳು. ಧರಣಿ ನಿರತರು ದರದ ಚೌಕಾಸಿಗೆ ಇಳಿಯಲಿಲ್ಲ ಎಂಬುದನ್ನು ಗಮನಿಸಬೇಕು. ಪರಿಹಾರ ಎಷ್ಟು ಎಂಬ ಪ್ರಶ್ನೆಯನ್ನು ಈ ನೆಲ ಏನಾಗಿರಬೇಕು ಎಂಬ ಪ್ರಶ್ನೆಗೆ ತಿರುಗಿಸಿದ್ದೇ ಅವರ ಸಾಧನೆ. 60 ದಿನದ ಅರ್ಜಿಗಳಲ್ಲಿ ಒಡೆದುಹೋಗಿದ್ದ ಆ ಪ್ರಶ್ನೆ ಚಪ್ಪರದಡಿ ಮತ್ತೆ ಒಂದಾಯಿತು. 2025ರ ಜೂನ್ 25ರಂದು ಪೊಲೀಸರು ಪ್ರತಿಭಟನಕಾರರನ್ನು ವಶಕ್ಕೆ ಪಡೆದ ಮೇಲೆ ರಾಜ್ಯದ ಉಳಿದ ಸಂಘಟನೆಗಳೂ ಜೊತೆ ನಿಂತವು. ಜುಲೈ 15ರಂದು, 1,198ನೇ ದಿನ, ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅದಕ್ಕೆ 13 ದಿನ ಮೊದಲು ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಜಿಲ್ಲೆಯ ಹೆಸರಿನಿಂದ ‘ಗ್ರಾಮಾಂತರ’ವನ್ನು ತೆಗೆದು ‘ಬೆಂಗಳೂರು ಉತ್ತರ’ ಮಾಡಲು ತೀರ್ಮಾನಿಸಿತ್ತು.

ಊರನ್ನು ಮೊದಲು ಕೇಳಬೇಕೆಂಬುದಕ್ಕೆ ಎದುರು ಮಾತುಗಳಿವೆ, ಹಗುರವಾದವೂ ಅಲ್ಲ. ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಬಳಸುವ ನಿಲ್ದಾಣದ ಮಗ್ಗುಲಿಗೆ ವೈಮಾನಿಕ ಉದ್ಯಮ ಬೇಡವೆಂದರೆ ಅದು ಹೋಗಬೇಕಾದದ್ದು ಎಲ್ಲಿಗೆ? ಸ್ವಾಧೀನ ಕೈಬಿಟ್ಟ ಬೆನ್ನಿಗೇ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿಗೆ ಹತ್ತಿರವೇ 8,000 ಎಕರೆ ಸಿದ್ಧವಿದೆ ಬನ್ನಿ ಎಂದು ಉದ್ಯಮಿಗಳನ್ನು ಕರೆದರು. ಈ ಭಯ ನಿಜವಾದದ್ದೇ. ಆದರೆ 2021ರ ನೋಟಿಸಿನಿಂದ 2025ರ ಘೋಷಣೆಯವರೆಗೆ ಸುಮಾರು ನಾಲ್ಕು ವರ್ಷ ಕಳೆದುಹೋದವು. ಕೇಳದೆ ಹೊರಟದ್ದರಿಂದ ಉದ್ಯಮಕ್ಕೆ ಉಳಿದ ಸಮಯವಾದರೂ ಯಾವುದು? ಜಮೀನು ಕೊಡಲು ಸಿದ್ಧರಿದ್ದ ರೈತರೂ ಇದ್ದರು ಎಂಬುದು ಇನ್ನೊಂದು ವಾದ. ಇದ್ದರು. ಬೋರ್‌ವೆಲ್ ಬತ್ತಿ, ಮಕ್ಕಳು ಪಟ್ಟಣ ಸೇರಿದ ಮನೆಗೆ ಒಳ್ಳೆಯ ಬೆಲೆ ಬಿಡುಗಡೆಯೂ ಹೌದು. ಆದರೆ ಕೊಡುವವರೆಷ್ಟು, ಕೊಡದವರೆಷ್ಟು ಎಂದು ಎಣಿಸುವ ಏರ್ಪಾಡೇ ಆ ಶೇ 70, ಶೇ 80ರ ಲೆಕ್ಕ. ಅದನ್ನು ಬದಿಗಿಟ್ಟದ್ದರಿಂದ ಎರಡೂ ಕಡೆಯವರು ಮನವಿ ಪತ್ರ ಹಿಡಿದು ಮಂತ್ರಿಗಳ ಮುಂದೆ ಸಾಲು ನಿಂತು ತಮ್ಮ ಸಂಖ್ಯೆಯನ್ನು ತಾವೇ ಸಾರಿಕೊಳ್ಳಬೇಕಾಯಿತು.

ಭೂಬಳಕೆ ತಜ್ಞರ ಕೆಲಸ, ಹಳ್ಳಿಯವರಿಗೆ ಅದು ತಿಳಿಯದು ಎನ್ನುವವರಿಗೆ 1974ರ ಭೂಸುಧಾರಣೆಯನ್ನು ನೆನಪಿಸಬೇಕು. ಗೇಣಿದಾರ ಯಾರು, ಉಳುವವ ಯಾರು ಎಂಬ ತೊಡಕಿನ ಪ್ರಶ್ನೆಯನ್ನು ದೇವರಾಜ ಅರಸು ಸರ್ಕಾರ ತಾಲ್ಲೂಕಿನ ಭೂನ್ಯಾಯ ಮಂಡಳಿಗಳಿಗೆ ಒಪ್ಪಿಸಿತು. ಅಧಿಕಾರಿಯ ಪಕ್ಕದಲ್ಲಿ ಅಧಿಕಾರಿಗಳಲ್ಲದ ಸದಸ್ಯರು ಕೂತು ತೀರ್ಪು ಕೊಟ್ಟರು. ಮೊದಲಿಗೆ ವಕೀಲರಿಗೂ ಅಲ್ಲಿ ಪ್ರವೇಶವಿರಲಿಲ್ಲ. ತಪ್ಪುಗಳಾದವು, ಪಕ್ಷಪಾತವೂ ನಡೆಯಿತು. ಆದರೆ ಅದು ನಡೆಯದ ಕೆಲಸವಾಗಲಿಲ್ಲ. ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಆಕ್ಷೇಪ ಬೇರೆಯದು: ರಿಯಲ್ ಎಸ್ಟೇಟ್ ಹಣ ಹರಿದಾಡುವ ಸೀಮೆಯಲ್ಲಿ ಗ್ರಾಮಸಭೆಯೇ ದಲ್ಲಾಳಿಯ ಜೇಬು ಸೇರಬಹುದು. ಇದಕ್ಕೆ ಪೂರ್ಣ ಉತ್ತರವಿಲ್ಲ. ಹಳದಿ–ಹಸಿರಿನ ಗುಟ್ಟು ಕಚೇರಿಯಲ್ಲಿದ್ದಾಗ ದಲ್ಲಾಳಿ ಅದನ್ನು ಎಲ್ಲರಿಗಿಂತ ಮೊದಲು ತಿಳಿದು ಲಾಭ ಮಾಡಿಕೊಳ್ಳುತ್ತಾನೆ, ಊರ ಮುಂದೆ ನಕ್ಷೆ ಹಾಸಿದರೆ ಆ ಅನುಕೂಲವಾದರೂ ತಪ್ಪುತ್ತದೆ ಎಂದಷ್ಟೇ ಹೇಳಬಹುದು.

ಜುಲೈ 15ರ ತೀರ್ಮಾನದಲ್ಲಿ ಇನ್ನೊಂದು ಮಾತೂ ಇತ್ತು: ಸ್ವ ಇಚ್ಛೆಯಿಂದ ಜಮೀನು ಕೊಡುವವರಿಂದ ಸರ್ಕಾರ ಪಡೆಯುತ್ತದೆ. ಒತ್ತಾಯವಿಲ್ಲ, ಸರಿ. ಆದರೆ ಇಲ್ಲಿ ಮತ್ತೆ ಊರು ಸರ್ವೆ ನಂಬರುಗಳಾಗಿ ಒಡೆಯುತ್ತದೆ. ಒಬ್ಬ ಕೊಟ್ಟ ನಾಲ್ಕು ಎಕರೆಯ ಪಕ್ಕದಲ್ಲಿ ಕೊಡದವನ ಎರಡು ಎಕರೆ ದ್ರಾಕ್ಷಿ ಚಪ್ಪರ, ಅದರಾಚೆ ಮತ್ತೊಬ್ಬ ಕೊಟ್ಟ ಹೊಲ, ನಡುವೆ ಯಾರ ಹೆಸರಿನಲ್ಲೂ ಇಲ್ಲದ ಬಂಡಿದಾರಿ, ಕೆಳಗಿನ ಕೆರೆಗೆ ನೀರೊಯ್ಯುವ ಕಾಲುವೆ. ಬಂಡಿದಾರಿ, ಕಾಲುವೆಗಳ ಪರವಾಗಿ ಒಪ್ಪಿಗೆಯನ್ನೋ ತಕರಾರನ್ನೋ ಯಾರು ಬರೆದುಕೊಡಬೇಕೆಂದು 1961ರ ಕಾಯ್ದೆಯಲ್ಲೂ ಇಲ್ಲ, 1966ರದರಲ್ಲೂ ಇಲ್ಲ.