ಕೆರೆಯ ಹೆಸರಿನ ಊರು, ಕಾರ್ಖಾನೆಯ ಮಗ್ಗುಲ ಮನೆ

ಬೆಂಗಳೂರಿನ ಸುತ್ತ ‘ಸಂದ್ರ’ ಎಂದು ಮುಗಿಯುವ ಊರುಗಳು ಬಹಳ. ಸಿಂಗಸಂದ್ರ, ಜಕ್ಕಸಂದ್ರ, ಬೊಮ್ಮಸಂದ್ರ ಮತ್ತು ತುಮಕೂರು ರಸ್ತೆಯ ನಾಗಸಂದ್ರ. ‘ಸಮುದ್ರ’ ಎಂಬ ಪದವೇ ಆಡುಮಾತಿನಲ್ಲಿ ಸವೆದು ‘ಸಂದ್ರ’ವಾಯಿತು ಎನ್ನುವುದು ಸ್ಥಳನಾಮಗಳ ಬಗ್ಗೆ ಬರೆದವರ ವಿವರಣೆ. ಇಲ್ಲಿ ಸಮುದ್ರವೆಂದರೆ ಕಡಲಲ್ಲ, ಕೆರೆ. ದೊಡ್ಡ ನದಿಯಿಲ್ಲದ ಈ ಬಯಲಿನಲ್ಲಿ ಕೆರೆ ಕಟ್ಟಿದ ಮೇಲೆಯೇ ಊರು ನಿಲ್ಲುತ್ತಿತ್ತು. ನೀರು ನೋಡಿ ಮನೆ ಕಟ್ಟುವುದು ಹಿಂದಿನವರ ಕ್ರಮವಾಗಿತ್ತು. ಕೆಲಸ ನೋಡಿ ಮನೆ ಮಾಡಿ, ಆಮೇಲೆ ನೀರಿಗೆ ಪರದಾಡಿದ್ದು ಈಚಿನ ಐದು ದಶಕಗಳ ಕಥೆ.

ಹೆಂಡತಿ ಮಕ್ಕಳೊಂದಿಗೆ ನೆಮ್ಮದಿಯಾಗಿ ಬಾಳಬಹುದಾದ ಬಡಾವಣೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ಯಾರಾದರೂ ಯೋಚಿಸಿ ಕಟ್ಟಬೇಕು ಎಂಬ ಪಾಠವನ್ನು ಬೆಂಗಳೂರು ಕಲಿತದ್ದು 1898ರ ಪ್ಲೇಗಿನಲ್ಲಿ. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ರೋಗ ಹಬ್ಬಿ ಜನ ಮನೆ ತೊರೆದರು. ಆ ಹೊತ್ತಿಗೆ ಬಸವನಗುಡಿ ಮತ್ತು ಮಲ್ಲೇಶ್ವರದ ಹೊಸ ಬಡಾವಣೆಗಳು ರೂಪುಗೊಳ್ಳುತ್ತಿದ್ದವು. ಅಗಲವಾದ ನೇರ ರಸ್ತೆಗಳು, ಮನೆಗಳ ಹಿಂದೆ ಸ್ವಚ್ಛತೆಗಾಗಿ ಬಿಟ್ಟ ಸಂದಿಗಳು, ಗಾಳಿ ಬೆಳಕಿಗೆ ಅವಕಾಶ, ಉದ್ಯಾನಕ್ಕೆ ಜಾಗ. ಜನ ಬರುವ ಮೊದಲೇ ಜಾಗ ಗುರುತಿಸುವುದು ಅಲ್ಲಿನ ತತ್ವ. ನಗರಾಭಿವೃದ್ಧಿಯ ಹೊಣೆ ಹೊತ್ತ ಮಂಡಳಿ 1945ರಲ್ಲಿ ಬಂತು, 1948ರಲ್ಲಿ ಜಯನಗರ ಆರಂಭವಾಯಿತು. 1976ರಲ್ಲಿ ಆ ಮಂಡಳಿಯ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿಂತಿತು.

ಎರಡನೆಯ ಮಾದರಿ ಕಾರ್ಖಾನೆಯ ಕಾಲೊನಿ. ನಾಗಸಂದ್ರಕ್ಕೆ ಹೆಚ್ಚು ದೂರವಲ್ಲದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. ಈ ಸಾರ್ವಜನಿಕ ಉದ್ಯಮಗಳು ಯಂತ್ರದ ಜೊತೆಗೆ ಮನೆಗಳನ್ನೂ ಕಟ್ಟಿದವು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಬಯಲು ಎಲ್ಲವೂ ಒಂದೇ ಆವರಣದ ಆಸುಪಾಸಿನಲ್ಲಿ. ಅಪ್ಪ ಪಾಳಿಗೆ ಹೋದರೆ ಮಕ್ಕಳು ಅದೇ ಕಾಲೊನಿಯ ಶಾಲೆಗೆ. ಆದರೆ ಆ ನೆಮ್ಮದಿ ನೌಕರಿಗೆ ಅಂಟಿಕೊಂಡದ್ದು. ನಿವೃತ್ತಿಯ ದಿನ ಮನೆಯ ಬೀಗದ ಕೈ ಒಪ್ಪಿಸಲೇಬೇಕು. ಕಾರ್ಖಾನೆಯೇ ಶಾಶ್ವತವಲ್ಲ ಎಂಬುದೂ ಮುಂದೆ ತಿಳಿಯಿತು. ಎಚ್‌ಎಂಟಿಯ ಕೈಗಡಿಯಾರ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು.

ನಾಗಸಂದ್ರದ ಬದುಕು ಈ ಎರಡೂ ಮಾದರಿಗಳ ಹೊರಗೆ ಬೆಳೆಯಿತು. ಇದಕ್ಕೆ ಕಾರಣ ಪೀಣ್ಯ. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶ ಸಣ್ಣ ಉದ್ಯಮಿಗಳದು. ಲೇತ್ ಯಂತ್ರ, ಬಿಡಿಭಾಗ, ಲೋಹದ ಲೇಪನ, ಮುಂದೆ ಸಿದ್ಧ ಉಡುಪು. ಹತ್ತು ಹದಿನೈದು ಜನರಿಗೆ ಸಂಬಳ ಕೊಡುವ ಶೆಡ್ಡಿನ ಮಾಲೀಕ ಕ್ವಾರ್ಟರ್ಸು ಕಟ್ಟಿಸುವುದು ಎಲ್ಲಿಂದ? ಕೆಲಸ ಪೀಣ್ಯದಲ್ಲಿ ಸಿಕ್ಕಿತು, ಮನೆಯನ್ನು ಕೆಲಸಗಾರರೇ ಹುಡುಕಿಕೊಂಡರು. ದಾಸರಹಳ್ಳಿ, ಬಾಗಲಗುಂಟೆ, ಚಿಕ್ಕಸಂದ್ರ, ಹೆಗ್ಗನಹಳ್ಳಿ, ನಾಗಸಂದ್ರಗಳು ಅವರನ್ನು ಬರಮಾಡಿಕೊಂಡವು.

ಹೊಲದ ಒಡೆಯ ಮೊದಲು ಒಂದು ಸಾಲು ವಠಾರ ಕಟ್ಟಿದ. ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಸಂಸಾರಕ್ಕೊಂದು ಬಚ್ಚಲು. ಆಮೇಲೆ ರಾಗಿ ಹೊಲವೇ ‘ತರ್ಟಿ ಫಾರ್ಟಿ’ ಸೈಟುಗಳಾಗಿ ಹಂಚಿಹೋಯಿತು. ತುಮಕೂರು, ಹಾಸನ, ಮಂಡ್ಯದ ಕಡೆಯಿಂದ ಬಂದವರು, ಅನಂತರ ಉತ್ತರ ಕರ್ನಾಟಕದಿಂದ ಬಂದವರು ಮೊದಲು ಬಾಡಿಗೆಗೆ, ಸ್ವಲ್ಪ ಕೂಡಿಟ್ಟ ಮೇಲೆ ಭೋಗ್ಯಕ್ಕೆ, ಕಡೆಗೆ ಸ್ವಂತ ಸೈಟಿಗೆ ಏರಿದರು. ಮನೆಯೂ ಹಾಗೆಯೇ ಕಂತಿನಲ್ಲಿ ಮೇಲೆದ್ದಿತು. ಮಗಳ ಮದುವೆಗೆ ಮೊದಲು ಒಂದು ಅಂತಸ್ತು, ಆಮೇಲೆ ಬಾಡಿಗೆಗೆಂದು ಇನ್ನೊಂದು. ಆದರೆ ಹೊಲ ಸೈಟಾಗುವಾಗ ಉದ್ಯಾನಕ್ಕೆಂದು ಒಂದು ಗುಂಟೆ ಬಿಡಬೇಕೆಂದು ಕೇಳುವವರು ಇರಲಿಲ್ಲ. ಮಕ್ಕಳಿಗೆ ರಸ್ತೆಯೇ ಆಟದ ಮೈದಾನವಾಯಿತು.

ನೀರಿನ ಕಥೆಯಲ್ಲಿ ಒಂದು ವಿಪರ್ಯಾಸವಿದೆ. 1896ರಲ್ಲಿ ಬೆಂಗಳೂರಿಗೆ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದಾಗ, ಅದನ್ನು ಮೇಲೆತ್ತಿ ಕಳುಹಿಸಿದ ಪಂಪುಗಳು ಇದ್ದದ್ದು ನಾಗಸಂದ್ರದ ಉತ್ತರಕ್ಕಿರುವ ಸೋಲದೇವನಹಳ್ಳಿಯಲ್ಲಿ. ನಗರದ ನೀರು ಈ ಸೀಮೆಯನ್ನು ಹಾದು ಮಲ್ಲೇಶ್ವರ ಸೇರಿತು. ಸುತ್ತಲ ಹಳ್ಳಿಗಳು ಬಾವಿ ಕೆರೆಗಳನ್ನೇ ನಂಬಿದ್ದವು. ಮುಂದೆ ಕೊಳವೆಬಾವಿ, ಟ್ಯಾಂಕರುಗಳ ಕಾಲ ಬಂತು. ಪೀಣ್ಯದ ಲೋಹಲೇಪನ ಘಟಕಗಳ ತ್ಯಾಜ್ಯದಿಂದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂತು. ಅನ್ನ ಕೊಟ್ಟ ಕಾರ್ಖಾನೆಯೇ ಬಾವಿಯನ್ನು ಕೆಡಿಸಿದಾಗ ಯಾರನ್ನು ದೂರುವುದು ಎಂಬುದು ಇಲ್ಲಿನ ಸಂಸಾರಗಳ ಇಕ್ಕಟ್ಟು.

ಈ ಮನೆಗಳನ್ನು ನಡೆಸಿದ ದುಡಿಮೆಯಲ್ಲಿ ಹೆಂಗಸರ ಪಾಲು ದೊಡ್ಡದು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿತು. ಮಾಲೀಕರ ಪಾಲಿನ ಹಣ 58 ವರ್ಷ ತುಂಬುವವರೆಗೆ ಕೈಗೆ ಸಿಗದು ಎಂದಾಯಿತು. ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಬೀದಿಗಿಳಿದರು. 19ರಂದೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಆ ಹಣ ಅವರ ಪಾಲಿಗೆ ಮುಪ್ಪಿನ ಗಂಟಷ್ಟೇ ಆಗಿರಲಿಲ್ಲ. ಮಕ್ಕಳ ಶಾಲೆಯ ಶುಲ್ಕ, ಮನೆಯ ಮುಂಗಡ, ಸೈಟಿನ ಕಂತು ಎಲ್ಲಕ್ಕೂ ಅದೇ ಆಧಾರ.

2007ರಲ್ಲಿ ದಾಸರಹಳ್ಳಿ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. ವಿಳಾಸ ನಗರದ್ದಾದರೂ ಅನುಮೋದನೆಯಿಲ್ಲದ ಬಡಾವಣೆಗಳ ಸೈಟು ‘ಬಿ’ ಖಾತೆಯಲ್ಲೇ ಉಳಿಯಿತು. ತೆರಿಗೆ ಕಟ್ಟಬಹುದು, ಬ್ಯಾಂಕಿನ ಸಾಲ ಸುಲಭವಲ್ಲ. ಇಂಥ ಖಾತೆಗಳನ್ನು ‘ಎ’ ಖಾತೆಯಾಗಿಸುವ ಯೋಜನೆಯನ್ನು ರಾಜ್ಯ ಸರ್ಕಾರ 2025ರಲ್ಲಿ ತಂದಿತು. ಸೈಟು ಕೊಂಡ ತಲೆಮಾರು ಆ ವೇಳೆಗೆ ಅಜ್ಜ ಅಜ್ಜಿಯರಾಗಿತ್ತು.

ಸಂಪರ್ಕ ಮಾತ್ರ ಬೇಗ ಬದಲಾಯಿತು. 2010ರಲ್ಲಿ ಗೊರಗುಂಟೆಪಾಳ್ಯದಿಂದ ಮೇಲ್ಸೇತುವೆ ಬಂತು. 2015ರ ಮೇ 1ರಂದು ನಾಗಸಂದ್ರ ಮೆಟ್ರೊ ನಿಲ್ದಾಣ ತೆರೆಯಿತು. 2022ರಲ್ಲಿ ನಿಲ್ದಾಣದ ಬಳಿಯೇ ಐಕಿಯಾ ಪೀಠೋಪಕರಣ ಮಳಿಗೆ ಆರಂಭವಾಯಿತು. 2024ರ ನವೆಂಬರ್ 7ರಿಂದ ರೈಲು ಮಾದಾವರದವರೆಗೆ ಓಡುತ್ತಿದೆ. ಮೆಜೆಸ್ಟಿಕ್ಕಿಗೆ ಹೋಗಲು ಬಸ್ಸಿನಲ್ಲಿ ಗಂಟೆಗಟ್ಟಲೆ ತೂಗಾಡುತ್ತಿದ್ದವರಿಗೆ ಇದು ದೊಡ್ಡ ಬಿಡುಗಡೆ. ಆದರೆ ನಿಲ್ದಾಣ ಹತ್ತಿರವಾದ ಮನೆಗೆ ಬಾಡಿಗೆಯೂ ಹೆಚ್ಚು. ಹೊಲಿಗೆ ಯಂತ್ರದ ಮುಂದೆ ದುಡಿಯುವ ಸಂಸಾರ ಇನ್ನೂ ಆಚೆಯ ಹಳ್ಳಿಯಲ್ಲಿ ಮನೆ ಹುಡುಕಬೇಕಾಗುತ್ತದೆ.

ಹಾಗೆಂದು ಇಲ್ಲಿನ ಬಾಳು ಬರೀ ಕೊರತೆಯದಲ್ಲ. ವಠಾರದಲ್ಲಿ ತಾಯಿ ಪಾಳಿಯಿಂದ ಬರುವವರೆಗೆ ಮಗುವಿಗೆ ಪಕ್ಕದ ಮನೆಯಲ್ಲಿ ಊಟ ಸಿಗುತ್ತದೆ. ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಒಂದೇ ಬೀದಿ ಚಪ್ಪರವಾಗುತ್ತದೆ. ಬಸವನಗುಡಿಯಲ್ಲಿ ಸರ್ಕಾರ ನಕ್ಷೆ ಬರೆದು ಕೊಟ್ಟದ್ದನ್ನು ಇಲ್ಲಿನವರು ನೆರೆಹೊರೆಯ ಬಲದಿಂದ ಒಂದಿಷ್ಟು ತುಂಬಿಕೊಂಡರು. ಆದರೆ ಶುದ್ಧ ನೀರು, ಮಕ್ಕಳಿಗೊಂದು ಮೈದಾನ, ಕೈಗೊಂದು ಸರಿಯಾದ ಖಾತೆಯನ್ನು ನೆರೆಯವರು ಕೊಡಲಾರರು. ಮೆಟ್ರೊ ಮಾದಾವರ ಮುಟ್ಟಿದೆ. ಅಲ್ಲಿಂದಾಚೆಗೂ ಹೊಲಗಳು ಸೈಟುಗಳಾಗುತ್ತಿವೆ. ಅಲ್ಲಾದರೂ ಮನೆ ಏಳುವ ಮೊದಲು ಕೆರೆಯನ್ನೂ ಶಾಲೆಯ ಬಯಲನ್ನೂ ಗುರುತಿಸಿಟ್ಟರೆ, ನಾಗಸಂದ್ರದ ಐವತ್ತು ವರ್ಷದ ಪಾಡು ಪಾಠವಾದಂತೆ.