ನಿರಾಶೆಯ ವಯಸ್ಸೇ?

ನಾವು ಚಿಕ್ಕವರಿದ್ದಾಗ ಖಾಲಾ ಮಾಗಿಯ ಚಳಿಯಲ್ಲೂ ನಡುರಾತ್ರಿ ಎದ್ದು ಅಂಗಳದಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮೈಯೆಲ್ಲ ಬೆಂಕಿ ಎಂದರೆ ಮನೆಯವರು ನಗುತ್ತಿದ್ದರು. ಸಿಡುಕಿದರೆ ದೂರುತ್ತಿದ್ದರು. ಅದು ಮುಟ್ಟು ನಿಲ್ಲುವ ಕಾಲವೆಂದು ಯಾರೂ ಹೇಳಲಿಲ್ಲ.

ಉರ್ದುವಿನಲ್ಲಿ ಈ ಕಾಲಕ್ಕೆ 'ಸಿನ್ನೆ ಯಾಸ್' ಎನ್ನುತ್ತಾರೆ. ಅರಬಿ ಮೂಲದ ಈ ಮಾತಿನ ನೇರ ಅರ್ಥ ನಿರಾಶೆಯ ವಯಸ್ಸು. ಕುರ್‌ಆನ್‌ನ ತಲಾಕ್ ಅಧ್ಯಾಯದಲ್ಲಿ ಇದೇ ಧಾತುವಿನ ಪದ ಬರುವುದು ಇದ್ದತ್ತಿನ ಲೆಕ್ಕ ಹೇಳುವಾಗ: ಮುಟ್ಟಿನ ನಿರೀಕ್ಷೆ ಉಳಿಯದ ಸ್ತ್ರೀಯರಿಗೆ ಮೂರು ತಿಂಗಳು. ಅಲ್ಲಿ ಇಲ್ಲವಾದದ್ದು ಮುಟ್ಟಿನ ನಿರೀಕ್ಷೆ ಮಾತ್ರ. ನಿರಾಶೆಯನ್ನು ಇಡೀ ಬದುಕಿಗೆ ಹಚ್ಚಿದವರು ನಾವು.

ನಮ್ಮ ಸುಶ್ರುತ ಸಂಹಿತೆ ಮುಟ್ಟು 12ನೇ ವರ್ಷಕ್ಕೆ ಆರಂಭವಾಗಿ, ದೇಹ ಮುಪ್ಪಿನಿಂದ ಪಕ್ವವಾದಾಗ 50ಕ್ಕೆ ನಿಲ್ಲುತ್ತದೆ ಎನ್ನುತ್ತದೆ. 'ಮೆನೋಪಾಸ್' ಎಂಬ ಹೆಸರನ್ನು ಬಳಕೆಗೆ ತಂದವರು ಫ್ರೆಂಚ್ ವೈದ್ಯ ಗಾರ್ದಾನ್, 1821ರಲ್ಲಿ. 1942ರಲ್ಲಿ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜನ್ ಗುಳಿಗೆ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ವೈದ್ಯ ರಾಬರ್ಟ್ ವಿಲ್ಸನ್ ಪುಸ್ತಕ ಬರೆದು, ಇದೊಂದು ಕೊರತೆಯ ರೋಗ, ಗುಳಿಗೆ ನುಂಗಿದರೆ ಹೆಣ್ತನ ಸದಾ ಉಳಿಯುತ್ತದೆ ಎಂದು ಸಾರಿದರು. 1975ರಲ್ಲಿ ಬರಿಯ ಈಸ್ಟ್ರೊಜನ್ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚೆಂದು ಗೊತ್ತಾಯಿತು. ಆಮೇಲೆ ಇನ್ನೊಂದು ಹಾರ್ಮೋನನ್ನೂ ಬೆರೆಸಿ ಕೊಡತೊಡಗಿದರು. 16,608 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಂಥ ಬೆರಕೆ ಗುಳಿಗೆಯ ಅಧ್ಯಯನವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದವು. ಹೆದರಿದ ಹೆಂಗಸರು ಗುಳಿಗೆ ಬಿಟ್ಟರು.

ಆದರೆ ಆ ಮಹಿಳೆಯರ ಸರಾಸರಿ ವಯಸ್ಸು 63 ಎಂಬುದನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ. 60ರ ಒಳಗಿನವರು ಅಥವಾ ಮುಟ್ಟು ನಿಂತು ಹತ್ತು ವರ್ಷ ದಾಟದವರು, ಕಾಟ ತೀವ್ರವಾಗಿದ್ದು ಬೇರೆ ಅಡ್ಡಿಯಿಲ್ಲದಿದ್ದರೆ, ಚಿಕಿತ್ಸೆಯಿಂದ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ಇಂದಿನ ವೈದ್ಯರು ಹೇಳುತ್ತಾರೆ.

ಒಂದು ಕಡೆ ಮಾರಾಟದ ಗದ್ದಲ, ಇನ್ನೊಂದು ಕಡೆ ನಮ್ಮ ಮನೆಗಳ ಮೌನ. ಎರಡರ ನಡುವೆ ಹೆಣ್ಣಿನ ಮಾತು ಕೇಳಿಸಿಕೊಂಡವರು ಕಡಿಮೆ. ಥಟ್ಟನೆ ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಕೀಲುನೋವು, ಮರೆವು, ದುಗುಡ, ಗುಪ್ತಾಂಗದ ಒಣಗುವಿಕೆ, ಮೂತ್ರದ ಉರಿ; ಇವು ನಾಟಕವಲ್ಲ. ಒಳಗೊಳಗೇ ಮೂಳೆ ಸವೆಯುತ್ತದೆ, ಹೃದ್ರೋಗದ ಸಾಧ್ಯತೆ ಏರುತ್ತದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಖಾಲಾ ಈಗಿಲ್ಲ. ಇಂದು ನಮ್ಮ ಮನೆಯಲ್ಲಿ ಯಾರಾದರೂ ನಡುರಾತ್ರಿ ಎದ್ದು ಕಿಟಕಿ ತೆರೆದರೆ, ನಗದೆ, ಏನಾಗುತ್ತಿದೆ ಎಂದು ಕೇಳೋಣ.